‘ದುಗ್ಗ’ ಅನ್ನೋ ಮಗುವಿಗೆ ‘ದುರ್ಗ’ ಬರೆಸುವುದು ಹೇಗೆ?

ಯುಕೆಜಿಯಲ್ಲಿರುವ ನಮ್ಮಕ್ಕನ ಮಗ ಸ್ಲೇಟಿನ ಮೇಲೆ ‘ಚಿತದುಗ’ ಅಂತ ಬರೆದು ತಂದ. ಅಕ್ಕ ಬೈಯೋಕೆ ಹೊರಟಳು. ‘ತಡಿಯಕ್ಕಾ’ ಅಂದು, ಅವನಿಗೇ ಓದಿ ಹೇಳೋಕೆ ಹೇಳಿದೆ. ‘ಚಿತ್ತದುಗ್ಗ’ ಅಂದ. ಬಾಯಿಗೇ ಬಾರದ ರಕಾರ ಕೈಗೆ ಎಲ್ಲಿಂದ ಬರಬೇಕು, ಹೇಳಿ?

ಹಾಗಾಗಿ ಮೊದಲು ಮಾತು. ಸುಮಾರು 1 ವರ್ಷಕ್ಕೆ ಮೊದಲ ಪದ, 2ಕ್ಕೆ ‘ಅಮ್ಮ ಬಾ’ ಥರ ಎರಡು ಪದ ಜೋಡಿಸುವುದು, 4ಕ್ಕೆ ಹೊರಗಿನವರಿಗೂ ಹೆಚ್ಚುಕಡಿಮೆ ಅರ್ಥವಾಗುವ ಮಾತು ಬರುತ್ತದೆ. ರ, ಸ, ಷ ಇನ್ನೂ ತಡ. ಮಗು ‘ತಕ್ಕಲೆ ಬೇಕು’ ಅಂದರೆ ನಗಬೇಡಿ. ‘ಸಕ್ಕರೆ ಬೇಕಾ? ತಗೋ, ಸಕ್ಕರೆ’ ಅಂತ ಸುಮ್ನೆ ಸರಿಯಾದ ಪದವನ್ನೇ ಕಿವಿಗೆ ಹಾಕಿ. 2 ವರ್ಷ ತುಂಬಿದರೂ ಪದ ಜೋಡಿಸುತ್ತಿಲ್ಲ ಅಂದರೆ ‘ಅವರಪ್ಪನೂ ಹೀಗೇ ಇದ್ದ’ ಅಂತ ಕೂರಬೇಡಿ, ಮೊದಲು ಕಿವಿ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥದ್ದಕ್ಕೆ.

ಆಮೇಲೆ ಪದ ಒಡೆಯುವ ಆಟ. ಒಂದು ಹಿಡಿ ಶೇಂಗಾ ಬೀಜ ಸಾಕು (ತೀರ ಚಿಕ್ಕವರಿಗೆ ಬೀಜ ಬೇಡ, ಗಂಟಲಿಗೆ ಸಿಕ್ಕೀತು, ಚಪ್ಪಾಳೆ ಹೊಡೆಸಿ). ದೋ-ಸೆ ಎರಡು ಬೀಜ. ಮಂ-ಡಕ್-ಕಿ ಮೂರು. ಚಿತ್-ರ-ದುರ್-ಗ ನಾಲ್ಕು. ಹೇಳುತ್ತಾ ಒಂದೊಂದೇ ಬೀಜ ಮುಂದೆ ತಳ್ಳಬೇಕು, ಮುಗಿದ ಮೇಲೆ ತಿನ್ನಬಹುದು. ನಮ್ಮವನು ಮೊದಲೇ ತಿಂದು ಲೆಕ್ಕ ತಪ್ಪಿಸುತ್ತಾನೆ, ಅದು ಬೇರೆ ಮಾತು.

ಬರೆಯುವಾಗ ತೊಡಕು ಶುರುವಾಗುವುದು ಒತ್ತಕ್ಷರದಲ್ಲಿ. ಬಾಯಿ ‘ಬೆಣ್-ಣೆ’ ಅಂತ ಒಡೆಯುತ್ತದೆ, ಸ್ಲೇಟಿನ ಮೇಲೆ ಅದು ‘ಬೆ-ಣ್ಣೆ’. ಬೆಣ್ಣೆದೋಸೆ ತಿಂದೇ ಬೆಳೆದ ದಾವಣಗೆರೆ ಮಗುವೂ ‘ಬೆಣೆ’ ಅಂತ ಬರೆದರೆ ಆಶ್ಚರ್ಯ ಇಲ್ಲ. ‘ದುರ್ಗ’ ಇನ್ನೂ ಕಷ್ಟ. ಕಿವಿಗೆ ‘ರ್’ ಮೊದಲು ಕೇಳುತ್ತದೆ, ಬರೆಯುವಾಗ ಮಾತ್ರ ಗ ಬರೆದ ಮೇಲೆ ಅರ್ಕಾವತ್ತು! ನಮಗೆ ರೂಢಿಯಾಗಿದೆ, ಮಗುವಿಗೆ ಎಲ್ಲಾ ಹಿಂದುಮುಂದು.

ಅದಕ್ಕೇ ನೀವೇ ‘ದುಗ್ಗ’, ‘ದುರ್ಗ’ ಎರಡೂ ಹೇಳಿ, ನಮ್ಮೂರು ಯಾವುದು ಅಂತ ಕೇಳಿ. ಕಿವಿ ವ್ಯತ್ಯಾಸ ಹಿಡಿಯಿತು ಅಂದರೆ ಬರೆಸಬಹುದು, ನಾಲಿಗೆ ಹೊರಳುವ ತನಕ ಕಾಯಬೇಕಿಲ್ಲ. ‘ದುರ್‌ರ್‌ರ್... ಗ’ ಅಂತ ಆಟೋ ಸ್ಟಾರ್ಟ್ ಆಗೋ ಹಾಗೆ ಎಳೆದು ಹೇಳಿ, ಅವನು ಗ ಬರೆದ ಮೇಲೆ ‘ರ್ ಎಲ್ಲಿ ಹೋಯ್ತೋ?’ ಅಂತ ಹುಡುಕಿಸಿ, ಅರ್ಕಾವತ್ತನ್ನು ಮಾತ್ರ ಬೇರೆ ಬಣ್ಣದ ಚಾಕ್‌ಪೀಸಿನಲ್ಲಿ ಹಾಕಿಸಿ. ದಿನಕ್ಕೆ ಎರಡು ಪದ ಸಾಕು. ಒಂದೇ ಪದವನ್ನು ಹತ್ತು ಸಲ ಕಾಪಿ ಬರೆಸಿದರೆ ಕೈ ನೋಯುತ್ತದೆ ಅಷ್ಟೇ.

ಮೊನ್ನೆ ನಮ್ಮವನು ಒತ್ತು, ಅರ್ಕಾವತ್ತು ಎರಡೂ ಹಾಕಿ ‘ಚಿತ್ರದುರ್ಗ’ ಬರೆದ. ಓದೋ ಅಂದರೆ ಈಗಲೂ ‘ಚಿತ್ತದುಗ್ಗ’.