ಬರೆದು ಬದುಕುವುದು ಹೇಗೆ? ಸ್ವತಂತ್ರ ಬರಹಗಾರರಿಗೆ ಕೈಪಿಡಿ

ಚೆನ್ನಾಗಿ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ಬರೆದೇ ಬದುಕುವವರು ಕಡಿಮೆ. ಭಾಷೆಯ ಹಿಡಿತ ಸಾಲದೆ ಸೋತವರನ್ನು ನಾನು ಕಂಡಿರುವುದು ಅಪರೂಪ. ಸಂಪಾದಕರಿಗೆ ಪತ್ರ ಬರೆಯುವುದು, ಕೆಲಸ ಒಪ್ಪುವ ಮುನ್ನ ವಿಚಾರಿಸುವುದು, ಬಾಕಿ ಹಣ ಕೇಳುವುದು ಇವುಗಳಲ್ಲೇ ಹೆಚ್ಚಿನವರು ಎಡವುತ್ತಾರೆ. ಇವೆಲ್ಲ ಕಲಿತರೆ ಬರುವಂಥವು.

1. ಒಂದು ಕ್ಷೇತ್ರ ಹಿಡಿಯಿರಿ

ಏನು ಕೊಟ್ಟರೂ ಬರೆಯುತ್ತೇನೆ ಎನ್ನುವವರ ಹೆಸರು ಸಂಪಾದಕರ ನೆನಪಿನಲ್ಲಿ ಉಳಿಯುವುದಿಲ್ಲ. ನಿಮ್ಮ ಓದು ಅಥವಾ ಹಿಂದಿನ ಉದ್ಯೋಗದಿಂದಲೇ ಶುರು ಮಾಡಿ. ಬ್ಯಾಂಕಿನಲ್ಲಿ ದುಡಿದವರಿಗೆ ಸಾಲಪತ್ರದ ಸಣ್ಣಕ್ಷರಗಳಲ್ಲಿ ಏನಿರುತ್ತದೆ ಎಂಬುದು ಗೊತ್ತು. ಅದನ್ನು ಸರಳವಾಗಿ ತಿಳಿಸಬಲ್ಲವರಿಗೆ ಎಲ್ಲ ಕಡೆ ಬೇಡಿಕೆಯಿದೆ.

2. ಮಾದರಿ ಬರಹ ಇಟ್ಟುಕೊಳ್ಳಿ

ಎರಡು ಮೂರು ಸಾಕು. ಎಲ್ಲೂ ಪ್ರಕಟವಾಗಿಲ್ಲದಿದ್ದರೆ ನೀವೇ ವಿಷಯ ಆರಿಸಿ, ತಿಳಿದವರನ್ನು ಮಾತನಾಡಿಸಿ, ಪೂರ್ತಿ ಲೇಖನವನ್ನೇ ಬರೆದಿಡಿ.

3. ಪಿಚ್ ಬರೆಯುವುದನ್ನು ಕಲಿಯಿರಿ

ಪಿಚ್ ಎಂದರೆ ಬರೆಯಬೇಕೆಂದಿರುವ ಲೇಖನವನ್ನು ಸಂಪಾದಕರ ಮುಂದಿಡುವ ಪುಟ್ಟ ಪತ್ರ. ನಾನು ಹೆಚ್ಚು ಒತ್ತಿ ಹೇಳುವುದು ಇದನ್ನೇ. 'ನಿದ್ದೆಯ ಬಗ್ಗೆ ಒಂದು ಲೇಖನ ಕಳಿಸಲೇ?' ಎಂದು ಕೇಳಿದರೆ ಸಂಪಾದಕರು ಏನು ತಾನೇ ಹೇಳಿಯಾರು? ಇದನ್ನು ನೋಡಿ: 'ರಾತ್ರಿ ಪಾಳಿಯ ನರ್ಸ್‌ಗಳು ಹಗಲು ನಿದ್ದೆಯನ್ನು ಹೇಗೆ ಹೊಂದಿಸಿಕೊಳ್ಳುತ್ತಾರೆ ಎಂಬ ಲೇಖನ. ಮೂವರನ್ನು ಮಾತನಾಡಿಸಿದ್ದೇನೆ, ನಿದ್ರಾತಜ್ಞರೊಬ್ಬರು ಸಂದರ್ಶನಕ್ಕೆ ಒಪ್ಪಿದ್ದಾರೆ. 1,200 ಪದ, ಹತ್ತು ದಿನದಲ್ಲಿ ಕೊಡಬಲ್ಲೆ.' ಯಾರ ಕಥೆ, ಏನು ತಯಾರಿ, ಎಷ್ಟು ಉದ್ದ, ಯಾವಾಗ ಎಂಬುದೆಲ್ಲ ನಾಲ್ಕು ಸಾಲಿನಲ್ಲಿ ಬಂತು. ಆ ಪತ್ರಿಕೆಯ ಹಿಂದಿನ ಕೆಲವು ಸಂಚಿಕೆಗಳನ್ನು ಓದದೆ ಮಾತ್ರ ಕಳಿಸಬೇಡಿ. ಅದೇ ವಿಷಯ ಹೋದ ತಿಂಗಳಷ್ಟೇ ಬಂದಿರಬಹುದು. ಒಂದೆರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಿ. ಆಮೇಲೂ ಮೌನವಾದರೆ ಬೇರೆ ಕಡೆ ಕಳಿಸಿ.

4. ಒಪ್ಪುವ ಮುನ್ನ ಕೇಳಿ

ಸಂಭಾವನೆ ಎಷ್ಟು? ಲೇಖನ ಒಪ್ಪಿದಾಗ ಕೊಡುತ್ತಾರೋ, ಅಚ್ಚಾದ ಮೇಲೋ? ಎಷ್ಟು ಸಲ ತಿದ್ದಿಕೊಡಬೇಕು? ಬರೆಸಿಕೊಂಡು ಪ್ರಕಟಿಸದಿದ್ದರೆ ಏನಾದರೂ ಕೊಡುತ್ತಾರೆಯೇ? ಕೇಳಲು ಸಂಕೋಚ ಬೇಡ, ಉತ್ತರ ಇಮೇಲ್‌ನಲ್ಲೇ ಇರಲಿ.

ಕರಾರಿನಲ್ಲಿ ಬರಹದ ಹಕ್ಕಿನ ಬಗ್ಗೆ ಇರುವ ಸಾಲನ್ನಂತೂ ಎರಡು ಸಲ ಓದಿ. 1886ರಲ್ಲಿ ಆರಂಭವಾದ, ಕೃತಿಗಳ ಹಕ್ಕನ್ನು ಕಾಯುವ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಹಕ್ಕುಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ, ಬರೆದೊಡನೆ ಅದು ಬರೆದವರಿಗೆ ಸೇರುತ್ತದೆ. ಮೊದಲ ಪ್ರಕಟಣೆಯ ಹಕ್ಕನ್ನಷ್ಟೇ ಕೊಟ್ಟರೆ ಅದೇ ಬರಹವನ್ನು ಮುಂದೆ ಪುಸ್ತಕಕ್ಕೋ ಅನುವಾದಕ್ಕೋ ಬಳಸಬಹುದು. 'ಎಲ್ಲ ಹಕ್ಕುಗಳೂ ಪ್ರಕಾಶಕರವು' ಎಂದು ಸಹಿ ಹಾಕಿದಿರೋ, ನಿಮ್ಮದೇ ಬರಹ ಮತ್ತೆ ಅಚ್ಚು ಹಾಕಿಸಲು ಅವರ ಅನುಮತಿ ಬೇಕು. ಅಂಥ ಕರಾರಿಗೆ ಹೆಚ್ಚು ಸಂಭಾವನೆ ಕೇಳುವುದು ನ್ಯಾಯವೇ.

5. ಗಂಟೆಯ ಲೆಕ್ಕ ಇಡಿ

ಪದಕ್ಕಿಷ್ಟು ಎಂಬ ದರ ಕೇಳಲು ಚೆಂದ. ಒಂದು ಲೇಖನಕ್ಕೆ ಓದಲು ನಾಲ್ಕು ಗಂಟೆ, ಸಂದರ್ಶನಕ್ಕೆ ಎರಡು, ಬರೆಯಲು ನಾಲ್ಕು, ತಿದ್ದಲು ಎರಡು ಗಂಟೆ ಹಿಡಿದರೆ ಒಟ್ಟು 12 ಆಯಿತು. ಬಂದ ಹಣವನ್ನು 12ರಿಂದ ಭಾಗಿಸಿ ನೋಡಿ. ಹೀಗೆ ಲೆಕ್ಕ ಹಾಕಿದರೆ ಯಾವ ಕೆಲಸ ಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

6. ಕೊಟ್ಟ ಮಾತಿಗೆ ತಪ್ಪಬೇಡಿ

ಗಡುವಿಗೆ ಮೊದಲೇ, ಹೇಳಿದಷ್ಟೇ ಪದಗಳಲ್ಲಿ, ಹೆಸರು ಅಂಕಿಗಳನ್ನು ಪರಿಶೀಲಿಸಿ ಕೊಡುವವರಿಗೆ ಮತ್ತೆ ಕರೆ ಬರುತ್ತದೆ. ತಡವಾಗುವಂತಿದ್ದರೆ ಮುಂಚೆಯೇ ತಿಳಿಸಿ.

7. ಹಣದ ವಿಷಯ

ಲೇಖನ ಒಪ್ಪಿಗೆಯಾದ ದಿನವೇ ಸಂಭಾವನೆಯ ಬಿಲ್, ಅಂದರೆ ಇನ್‌ವಾಯ್ಸ್ ಕಳಿಸಿ, ಪಾವತಿಯ ಕೊನೆಯ ದಿನಾಂಕವನ್ನು ಅದರಲ್ಲೇ ನಮೂದಿಸಿ. ಆ ದಿನ ದಾಟಿದರೆ ಮರುದಿನವೇ ವಿಚಾರಿಸಿ. ದುಡಿದ ಹಣ ಕೇಳುವುದಕ್ಕೆ ನಾಚಿಕೆ ಯಾಕೆ? ಬಂದದ್ದರಲ್ಲಿ ತೆರಿಗೆಯ ಪಾಲನ್ನು ಆಗಲೇ ಬೇರೆ ಇಡಿ. ಒಬ್ಬರಿಂದಲೇ ಅರ್ಧಕ್ಕಿಂತ ಹೆಚ್ಚು ಆದಾಯ ಬರುತ್ತಿದ್ದರೆ ಇನ್ನೊಬ್ಬರನ್ನು ಹುಡುಕಿಕೊಳ್ಳಿ. ಕೈಲಿರುವ ನೌಕರಿಗೆ ಮಾತ್ರ ಆರು ತಿಂಗಳ ಮನೆಖರ್ಚು ಕೂಡಿಡುವ ತನಕ ರಾಜೀನಾಮೆ ಕೊಡಬೇಡಿ.