ಸರಕು ಹತ್ತಿದ ದಾರಿಯಲ್ಲಿ ಇಳಿದು ಬಂದೆವು: ಬಾಲ್ಟಿಕ್ ಬಂದರು ಪಟ್ಟಣಗಳಲ್ಲಿ ನನ್ನ ಅನುಭವ

"ಹಡಗಿನವರ ಬಸ್ಸು ಬಿಟ್ಟು ನೀವೇ ಊರೊಳಗೆ ಹೋಗಿ ತಡವಾದರೆ, ಹಡಗು ನಿಮಗಾಗಿ ಕಾಯೋದಿಲ್ಲ ಕಣಮ್ಮ" ಎಂದು ನಮ್ಮ ಭಾವನವರು ಹೊರಡುವ ಹಿಂದಿನ ರಾತ್ರಿಯವರೆಗೂ ಹೇಳುತ್ತಲೇ ಇದ್ದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ 2025ರ ಜೂನ್‌ನಲ್ಲಿ ಮೈಸೂರಿನಿಂದ ಹೊರಟ ನಾವು ಆರು ಮಂದಿ, ಎಲ್ಲರೂ ಅರವತ್ತು ದಾಟಿದವರು, ಜರ್ಮನಿಯ ಕೀಲ್‌ನಲ್ಲಿ ಹಡಗು ಹತ್ತಿ, ಪೋಲೆಂಡಿನ ಗ್ಡಿನಿಯಾ, ಸ್ವೀಡನ್ನಿನ ವಿಸ್ಬಿ, ಎಸ್ಟೋನಿಯಾದ ಟಾಲಿನ್, ಸ್ಟಾಕ್‌ಹೋಮ್‌ಗಳಲ್ಲಿ ಒಂದೇ ಒಂದು ಬಸ್ ಪ್ರವಾಸವನ್ನೂ ಕೊಳ್ಳದೆ ಸುತ್ತಾಡಿ, ಪ್ರತಿ ಸಲವೂ ಹಡಗು ಹೊರಡಲು ಒಂದು ಗಂಟೆಗೂ ಹೆಚ್ಚು ಸಮಯವಿರುವಾಗಲೇ ಮರಳಿದೆವು.

ಈ ಕ್ರಮ ಮೊದಲ ಯತ್ನದಲ್ಲೇ ಕೈಗೂಡಿದ್ದಲ್ಲ. 2023ರಲ್ಲಿ ನಾನೂ ನಮ್ಮ ಯಜಮಾನರೂ ಇದೇ ಬಾಲ್ಟಿಕ್ ಸಮುದ್ರಕ್ಕೆ ಬಂದಿದ್ದಾಗ, ಮೊದಲ ಊರಿನಲ್ಲಿ ತಲೆಗೆ ಎಂಬತ್ತು ಚಿಲ್ಲರೆ ಯೂರೋ ತೆತ್ತು, ನಲವತ್ತು ಜನರ ಗುಂಪಿನ ಹಿಂದೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಓಡಿ, ಏನನ್ನೂ ನಿಂತು ನೋಡದೆ ಹಿಂದಿರುಗಿದ್ದೆವು. ಆ ಬೇಸರದಲ್ಲಿ ಮುಂದಿನ ಊರುಗಳಿಗೆ ನಾವಾಗಿಯೇ ಹೋಗಿ, ಒಂದೊಂದರಲ್ಲಿ ಒಂದೊಂದು ಬಗೆಯ ತಪ್ಪು ಮಾಡಿದೆವು.

ಗ್ಡಿನಿಯಾ 1920ರ ದಶಕದಲ್ಲಿ ಕಟ್ಟಿದ ಬಂದರು; ನಾವು ನೋಡಬೇಕಾದ ಹಳೆಯ ಊರು ಗ್ಡಾನ್ಸ್ಕ್. ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಸೋಪೋಟ್ ದಾಟಿದ ಮೇಲೆ ಬರುವ ಪ್ರತಿ ನಿಲ್ದಾಣದ ಹೆಸರೂ 'ಗ್ಡಾನ್ಸ್ಕ್' ಎಂದೇ ಆರಂಭವಾಗುತ್ತದೆ ಎಂಬುದನ್ನು ಅರಿಯದೆ, ಆ ಫಲಕ ಕಂಡ ಕೂಡಲೇ ಓಲಿವಾದಲ್ಲಿ ಇಳಿದುಬಿಟ್ಟೆವು. ಅಲ್ಲಿ ನಲವತ್ತು ನಿಮಿಷ ಕಳೆಯಿತು. ಇಳಿಯಬೇಕಾದದ್ದು 'ಗ್ಡಾನ್ಸ್ಕ್ ಗ್ಲೂವ್ನಿ'ಯಲ್ಲಿ, ಅಂದರೆ ಮುಖ್ಯ ನಿಲ್ದಾಣದಲ್ಲಿ.

ವಿಸ್ಬಿಯಲ್ಲಿ ಕೋಟೆಗೋಡೆಯನ್ನು ಹೊರಗಿನಿಂದ ಒಂದು ಸುತ್ತು ಹಾಕಿಯೇ ತೀರಬೇಕೆಂದು ನಾನು ಹಠ ಹಿಡಿದೆ. ಸುಮಾರು 3.4 ಕಿಲೋಮೀಟರ್ ಉದ್ದದ ಗೋಡೆಯದು. ಗೋಪುರಗಳನ್ನು ನೋಡುತ್ತ ಎರಡೂವರೆ ಗಂಟೆ ಹಿಡಿಯಿತು. ಒಳಗಿನ ಪಾಳುಬಿದ್ದ ಚರ್ಚುಗಳಲ್ಲಿ ಒಂದಕ್ಕೂ ಹೋಗಲಾಗಲಿಲ್ಲ.

ಟಾಲಿನ್‌ನಲ್ಲಿ ಗಡಿಯಾರ ಕೈಕೊಟ್ಟಿತು. ಹಡಗು ಜರ್ಮನಿಯ ಸಮಯವನ್ನೇ ಇಟ್ಟುಕೊಂಡಿತ್ತು. ಮೊಬೈಲ್ ತಾನಾಗಿಯೇ ಎಸ್ಟೋನಿಯಾದ ಸಮಯಕ್ಕೆ, ಅಂದರೆ ಒಂದು ಗಂಟೆ ಮುಂದಕ್ಕೆ ಹೋಗಿತ್ತು. ತಡವಾಯಿತೆಂದು ಹೆದರಿ ಏದುಸಿರು ಬಿಡುತ್ತ ಬಂದು ನೋಡಿದರೆ ಒಂದು ಗಂಟೆ ವೃಥಾ ಹೋಗಿತ್ತು. ಅದೇ ಮೊಬೈಲ್ ನಡುಸಮುದ್ರದಲ್ಲಿ ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಂಡು ಹದಿನಾಲ್ಕು ಸಾವಿರ ರೂಪಾಯಿಯಷ್ಟು ಬಿಲ್ಲನ್ನೂ ತಂದಿತು. ಈ ಬಾರಿ ದಡ ಬಿಟ್ಟೊಡನೆ ಎಲ್ಲರ ಫೋನೂ ಏರೋಪ್ಲೇನ್ ಮೋಡ್‌ಗೆ ಹೋಯಿತು. ಯಜಮಾನರ ಹಳೆಯ ಎಚ್ಎಂಟಿ ಕೈಗಡಿಯಾರಕ್ಕೆ ಹಡಗಿನ ಸಮಯ ಕೊಟ್ಟು, ಆರು ಮಂದಿಯೂ ಅದೊಂದನ್ನೇ ನಂಬಿದೆವು.

ಈಗ ನಮ್ಮ ಕ್ರಮಕ್ಕೆ ಬರುತ್ತೇನೆ. ಗ್ಡಾನ್ಸ್ಕ್, ವಿಸ್ಬಿ, ಟಾಲಿನ್ ಮೂರೂ ಹಾನ್ಸಾ ಎಂಬ ಮಧ್ಯಯುಗದ ವರ್ತಕರ ಕೂಟಕ್ಕೆ ಸೇರಿದ್ದ ಊರುಗಳು. ನೀರಿನ ಕಡೆಗೆ ಮುಖ ಮಾಡಿ ಬೆಳೆದವು. ಸರಕು ಬಂದರಿನಿಂದ ಊರಿನೊಳಗೆ ಏರುತ್ತಿತ್ತು. ನಾವು ಅದಕ್ಕೆ ಎದುರಾಗಿ ನಡೆಯುತ್ತೇವೆ: ಹಡಗಿನಿಂದ ಇಳಿದವರೇ ವಾಹನ ಹಿಡಿದು ಊರಿನ ಅತಿ ದೂರದ, ಅತಿ ಎತ್ತರದ ತುದಿಗೆ ಹೋಗುತ್ತೇವೆ, ಅಲ್ಲಿಂದ ಹಡಗಿನತ್ತ ಇಳಿಯುತ್ತ ಬರುತ್ತೇವೆ. ಮಂಡಿಗೆ ಏರುವ ಶ್ರಮವಿಲ್ಲ, ಹೊತ್ತು ಕಳೆದಂತೆಲ್ಲ ಹಡಗು ಹತ್ತಿರವಾಗುತ್ತದೆ. ತಡವಾದೀತೆಂಬ ಭಯ ಹೋದದ್ದು ಇದರಿಂದಲೇ.

ಟಾಲಿನ್‌ನಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಒಪ್ಪಿತು. ಟ್ಯಾಕ್ಸಿಯಲ್ಲಿ ತೂಮ್ಪೆಯಾ ಗುಡ್ಡಕ್ಕೆ ಹೋಗಿ, ಪಿಕ್ ಯಾಲ್ಗ್ ಎಂಬ ಇಳಿಜಾರು ಓಣಿಯಲ್ಲಿ ಇಳಿದೆವು. ಕಲ್ಲುಗಳ ನಡುವಿನ ಸಂದಿಗೆ ಊರುಗೋಲಿನ ತುದಿ ಸಿಕ್ಕಿಕೊಳ್ಳುತ್ತಿತ್ತು. ಮೈಸೂರಿನಿಂದ ಒಯ್ದಿದ್ದ ಅಗಲವಾದ ರಬ್ಬರ್ ತುದಿ ಹಾಕಿದ ಮೇಲೆ ಆ ತೊಂದರೆ ನಿಂತಿತು. 1404ರ ಪುರಭವನ, ಅದರೆದುರಿಗೆ 1422ರಲ್ಲೇ ದಾಖಲೆಯಲ್ಲಿರುವ ಔಷಧದಂಗಡಿ, ಬಳಿಕ ಉದ್ದನೆಯ ಪಿಕ್ ಬೀದಿ. ಆ ಬೀದಿಯ ಕೊನೆಯಲ್ಲಿ 'ಮೂವರು ಸೋದರಿಯರು' ಎಂಬ ಮೂರು ವರ್ತಕರ ಮನೆಗಳಿವೆ. ಅವುಗಳ ಅಟ್ಟದಿಂದ ಮರದ ತೊಲೆಗಳು ಬೀದಿಯ ಮೇಲಕ್ಕೆ ಚಾಚಿಕೊಂಡಿವೆ: ಮೂಟೆಗೆ ಹಗ್ಗ ಬಿಗಿದು ಅಟ್ಟಕ್ಕೆ ಎಳೆದುಕೊಳ್ಳುತ್ತಿದ್ದ ತೊಲೆಗಳವು. ಮೇಲಿನಿಂದ ಬಂದ ನಮಗೆ ಅಲ್ಲಿ ನಿಂತು ಕತ್ತೆತ್ತಿ ನೋಡಲು ಬೇಕಾದಷ್ಟು ಪುರುಸೊತ್ತಿತ್ತು. ಮುಂದೆ ದಪ್ಪ ಮಾರ್ಗರೆಟ್ ಗೋಪುರ, ಅದರಾಚೆ ಕರಾವಳಿ ಬಾಗಿಲು, ಅಲ್ಲಿಂದ ಸುಮಾರು ಕಾಲು ಗಂಟೆಯ ನಡಿಗೆಗೆ ನಮ್ಮ ಹಡಗು.

ವಿಸ್ಬಿಯಲ್ಲಿ ಪೂರ್ವದ ಬಾಗಿಲಿನ ಬಳಿ ಇಳಿದು ಅಲ್ಮೆಡಾಲೆನ್ ಉದ್ಯಾನದವರೆಗೆ ಬಂದೆವು. ಹಾನ್ಸಾ ಕಾಲದ ಬಂದರು ಇದ್ದದ್ದು ಆ ಹುಲ್ಲುಹಾಸಿನ ಜಾಗದಲ್ಲೇ. ಹುರಿದ ಅವಲಕ್ಕಿ, ಚಟ್ನಿಪುಡಿ ತಿನ್ನಲು ನಮಗೆ ಸಿಕ್ಕಿದ ಕಡಲಿನೆದುರಿನ ಬೆಂಚು ಯಾವುದೆಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ಹಾಗೆಯೇ, ಬಂದರುಗಳು ಪ್ರಕಟಿಸುವ ಹಡಗುಗಳ ಪಟ್ಟಿ ನೋಡಿ ಜನ ಕಡಿಮೆ ಇರುವ ದಿನ ಆರಿಸಬಹುದೆಂಬುದು ನಿಮಗೆ ತಿಳಿದೇ ಇದೆ. ನಾನು ಆ ಪಟ್ಟಿಯ ಜೊತೆಗೆ ಹೋಲಿಸಿ ನೋಡುವ ಇನ್ನೊಂದು ಪಟ್ಟಿ ನನ್ನಲ್ಲೇ ಇರಲಿ.

ಗ್ಡಾನ್ಸ್ಕ್‌ನಲ್ಲಿ ಚಿನ್ನದ ಬಾಗಿಲಿನಿಂದ ಹೊರಟು ಹಸಿರು ಬಾಗಿಲು ದಾಟಿ ಮೋಟ್ವಾವಾ ನದಿಯ ದಂಡೆಗೆ ಬಂದರೆ, ಹದಿನೈದನೆಯ ಶತಮಾನದ ಮರದ ಕ್ರೇನ್ ಎದುರಾಗುತ್ತದೆ. 1945ರಲ್ಲಿ ಸುಟ್ಟು ಮತ್ತೆ ಕಟ್ಟಿದ್ದು. ಅಡಿಯಲ್ಲಿ ನಿಂತು ಮೇಲೆ ನೋಡಿದರೆ ದೊಡ್ಡ ಚಕ್ರಗಳು ಕಾಣುತ್ತವೆ. ಆಳುಗಳು ಆ ಚಕ್ರದೊಳಗೇ ನಡೆದು ಅದನ್ನು ತಿರುಗಿಸುತ್ತಿದ್ದರು. ಪಕ್ಕದ ಮಾರಿಯಾಟ್ಸ್ಕಾ ಬೀದಿಯಲ್ಲಿ ನಮ್ಮ ನಾದಿನಿ ಅಂಬರ್ (ಕಲ್ಲಿನಂತಾದ ಪ್ರಾಚೀನ ಮರದಂಟು) ಮಣಿಗಳನ್ನು ಕೊಂಡಳು. ಅಸಲಿ ಅಂಬರ್ ಉಪ್ಪುನೀರಿನಲ್ಲಿ ತೇಲುತ್ತದೆಂದು, ಸಂಜೆ ಕೋಣೆಯಲ್ಲಿ ಒಂದು ಲೋಟ ನೀರಿಗೆ ಏಳೆಂಟು ಚಮಚ ಉಪ್ಪು ಕಲಸಿ ಮಣಿಗಳನ್ನು ಹಾಕಿದೆವು. ಐದು ತೇಲಿದವು, ಒಂದು ಮುಳುಗಿತು. ಗಾಜೂ ಹಲವು ಬಗೆಯ ಪ್ಲಾಸ್ಟಿಕ್ಕೂ ಮುಳುಗುವುದರಿಂದ ಆ ಒಂದರ ವಿಷಯ ತಿಳಿಯಿತು. ಆದರೆ ಅಷ್ಟು ಹಳೆಯದಲ್ಲದ ಕೋಪಲ್ ಅಂಟೂ ತೇಲುತ್ತದೆ, ಆದ್ದರಿಂದ ಉಳಿದ ಐದನ್ನು ಕುರಿತು ಪ್ರಮಾಣ ಮಾಡಲಾರೆ.

ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಆರು ಮಂದಿಗೆ ನಾಲ್ಕು ಊರಿನ ಬಸ್ ಪ್ರವಾಸ ಕೊಂಡಿದ್ದರೆ ಸುಮಾರು ಸಾವಿರದ ಒಂಬೈನೂರು ಯೂರೋ ಆಗುತ್ತಿತ್ತು. ರೈಲು, ಟ್ಯಾಕ್ಸಿ, ದೋಣಿ, ಪ್ರವೇಶ ಚೀಟಿ ಎಲ್ಲ ಸೇರಿ ನಮಗಾದದ್ದು ಐನೂರರ ಆಸುಪಾಸು. ವೀಸಾ ಶುಲ್ಕವೇ ತಲೆಗೆ 90 ಯೂರೋ ಆಗಿರುವ ಈ ಕಾಲದಲ್ಲಿ ಉಳಿದ ಲಕ್ಷಕ್ಕೂ ಮಿಕ್ಕಿದ ರೂಪಾಯಿ ಸಣ್ಣದಲ್ಲ. ಭಾವನವರಿಗೆ ಈ ಲೆಕ್ಕದ ಚೀಟಿಯನ್ನೇ ಕೊಟ್ಟಿದ್ದೇನೆ.

ಸ್ಟಾಕ್‌ಹೋಮ್‌ಗೆ ಮಾತ್ರ ಈ ಕ್ರಮ ಹೊಂದಲಿಲ್ಲ. ಅಲ್ಲಿನ ಹಳೆಯ ಊರು ಗಾಮ್ಲಾ ಸ್ತಾನ್ ನಡುವೆ ಉಬ್ಬಿದ ದ್ವೀಪ; ಇಳಿಜಾರು ಎಲ್ಲ ದಿಕ್ಕಿಗೂ ಇದೆ. ಒಂದು ಸುತ್ತು ಬಂದು, ದೋಣಿ ಹಿಡಿದು ವಾಸಾ ಹಡಗಿನ ವಸ್ತುಸಂಗ್ರಹಾಲಯಕ್ಕೆ ಹೋದೆವು. 1628ರಲ್ಲಿ ಮೊದಲ ಯಾನದಲ್ಲೇ ಬಂದರಿನೊಳಗೆ ಮುಳುಗಿ, 1961ರಲ್ಲಿ ಮೇಲೆತ್ತಲ್ಪಟ್ಟ ಆ ಹಡಗಿನ ಹಿಂಬದಿಯ ಕೆತ್ತನೆಯ ಮುಂದೆ ಯಜಮಾನರು ಒಂದು ಗಂಟೆ ಕದಲದೆ ನಿಂತರು. ಮತ್ತೊಮ್ಮೆ ಆ ಊರಿಗೆ ಹೋದರೆ ಬೆಳಗಿನಿಂದ ಸಂಜೆಯವರೆಗೂ ಅಲ್ಲೇ ಇರಬೇಕೆಂದು ಇಬ್ಬರೂ ತೀರ್ಮಾನಿಸಿದ್ದೇವೆ.