ದೋಟಿ ಎತ್ತುವ ಮುನ್ನ ಮೇಲೆ ನೋಡಿ

ಅಡಿಕೆ ತೋಟದಲ್ಲಿ ಔಷಧಿ ಹೊಡೆಯಲು, ಗೊನೆ ಕೊಯ್ಯಲು ಕಾರ್ಬನ್ ಫೈಬರ್ ದೋಟಿ ಬಳಸುವವರೇ, ಅದು ಲೋಹವಲ್ಲವೆಂದು ಧೈರ್ಯ ಮಾಡಬೇಡಿ. ಅಲ್ಯೂಮಿನಿಯಂನಂತೆ ಕಾರ್ಬನ್ನಿನಲ್ಲೂ ವಿದ್ಯುತ್ ಹರಿಯುತ್ತದೆ. ಒದ್ದೆ ಬಿದಿರೂ ಅಷ್ಟೇ ಅಪಾಯ. ತೋಟದ ಮೇಲೆ ಹಾದುಹೋಗುವ 11 ಕೆ.ವಿ. (11,000 ವೋಲ್ಟ್) ವಿದ್ಯುತ್ ತಂತಿಗೆ ಸಾಮಾನ್ಯವಾಗಿ ಹೊದಿಕೆ ಇರುವುದಿಲ್ಲ. ದೋಟಿ ತಾಗದೆ, ತೀರಾ ಹತ್ತಿರ ಬಂದರೂ ಕಿಡಿ ಹಾರಬಹುದು.

ನಾನು ತಂತಿಯ ನೇರ ಕೆಳಗಿನಿಂದ ದೋಟಿಯ ಪೂರ್ತಿ ಉದ್ದ, ಅದರ ಮೇಲೆ ಇನ್ನೂ ಹತ್ತು ಅಡಿ ಅಳೆದು ಮರಗಳಿಗೆ ಸುಣ್ಣ ಬಳಿದಿದ್ದೇನೆ. ಕೈತಪ್ಪಿ ದೋಟಿ ವಾಲಿದರೂ ತಂತಿಗೆ ಮುಟ್ಟಬಾರದಲ್ಲ! ಸುಣ್ಣದ ಗುರುತಿನ ಒಳಗಿನ ಮರಗಳಿಗೆ ಲೈನ್ ತೆಗೆಸದೆ (ತಂತಿಯ ವಿದ್ಯುತ್ ನಿಲ್ಲಿಸದೆ) ಕೈ ಹಾಕುವುದಿಲ್ಲ. ಮರದಿಂದ ಮರಕ್ಕೆ ಹೋಗುವಾಗ ದೋಟಿ ಇಳಿಸಿಯೇ ನಡೆಯಿರಿ.

ಯಾರಿಗಾದರೂ ಶಾಕ್ ತಗುಲಿದರೆ ಓಡಿಹೋಗಿ ಹಿಡಿಯಬೇಡಿ, ದಯವಿಟ್ಟು. ದೂರ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಮೊದಲು ಲೈನ್ ತೆಗೆಸಿ.